ಅವ್ವನಿಗೆ ಗುರುತಾಗುವ ಮುಖ

ಸುರಪುರ
೧೨ ನವೆಂಬರ್ ೨೦೨೪

ಪ್ರೀತಿಯ ಸೂಗಮ್ಮಕ್ಕನಿಗೆ ನಿನ್ನ ತಂಗಿ ಸರಿತಾಳ ನಮಸ್ಕಾರಗಳು.

ಇತ್ತ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ. ಈ ಸಲ ಕೈ ಏಳಲಿಲ್ಲ, ಆ ಸಾಲು ಬಿಟ್ಟಿದ್ದೇನೆ. ಭಾವನವರ ಮುರಿದ ಕಾಲು ಕೂಡಿತೇ? ಶಹಾಪುರದ ಡಾಕ್ಟರು ಕೋಲು ಬಿಟ್ಟು ನಡೆಯಲು ಹೇಳಿದರೇ? ದೀಪಾವಳಿಯಲ್ಲಿ ನೀನು ಫೋನು ಮಾಡಿ ಅವ್ವನ ಬಗ್ಗೆ ಕೇಳಿದಾಗ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದೆ. ಆಮೇಲೆ ನಿನ್ನ ಫೋನನ್ನೇ ಎತ್ತಲಿಲ್ಲ. ಸಿಟ್ಟಾಗಬೇಡ. ನಮ್ಮದು ಎರಡು ಖೋಲಿಯ ಮನೆ. ನಾನು ಫೋನಿನಲ್ಲಿ ಅವಳ ಮಾತೆತ್ತಿದ ಕೂಡಲೇ ಅವಳ ಕಿವಿ ನಿಮಿರುತ್ತದೆ. "ಈಕಿ ಯಾರಿಗೋ ನನ್ನ ಸುದ್ದಿ ಮುಟ್ಟಸಾಕತ್ತಾಳ, ನೋಡ್ರಿ" ಎಂದು ನಮ್ಮ ಮನೆಯವರ ಹತ್ತಿರ ಚಾಡಿ ಹೇಳುತ್ತಾಳೆ. ಅವರು ತನ್ನ ಅಳಿಯ ಎಂಬುದೂ ಅವಳಿಗೆ ನೆನಪಿಲ್ಲ. ಆದರೂ ಒಳ್ಳೆಯ ಮನುಷ್ಯ ಎಂದು ಸರ್ಟಿಫಿಕೇಟು ಕೊಟ್ಟಿದ್ದಾಳೆ.

ಹೌದು ಅಕ್ಕ, ಆ 'ಈಕಿ' ನಾನೇ. ಅವ್ವ ನನ್ನನ್ನು ಮರೆತಿದ್ದಾಳೆ. ನಿನ್ನ ಹೆಸರು ಹೇಳಿದರೆ "ನಮ್ಮ ಸೂಗಿ ಶಹಾಪುರದಾಗ ಅದಾಳ" ಎನ್ನುತ್ತಾಳೆ. ಸರಿತಾ ಎಲ್ಲಿ ಎಂದರೆ ಗೋಡೆಯ ಮೇಲಿನ ಫೋಟೋ ತೋರಿಸುತ್ತಾಳೆ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ತೆಗೆಸಿದ್ದು, ಎರಡು ಜಡೆ, ರಿಬ್ಬನ್ನು. "ಇಕಾ, ನನ್ನ ಸಣ್ಣ ಮಗಳು. ಸಾಲಿಗಿ ಹೋಗ್ಯಾಳ, ಬರ್ತಾಳ." ಎದುರಿಗೆ ನಿಂತ ನಾನು ಯಾರೋ ಬಂಗು ಬಿದ್ದ ಮುಖದ ಹೆಂಗಸು. ನಿನ್ನ ಮೇಲೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಮರೆತರೆ ಮರೆಯಲಿ, ಉಂಡರೆ ಸಾಕಿತ್ತು. ಕಂಡವರ ಮನೆಯಲ್ಲಿ ಉಣ್ಣಬೇಡಿ, ಮದ್ದು ಹಾಕುತ್ತಾರೆ ಎಂದು ಚಿಕ್ಕಂದಿನಲ್ಲಿ ನಮ್ಮನ್ನು ಹೆದರಿಸುತ್ತಿದ್ದಳಲ್ಲ, ಎಲ್ಲ ಮರೆತರೂ ಅದೊಂದನ್ನು ಮರೆತಿಲ್ಲ. ನಾನು ತಟ್ಟೆ ಇಟ್ಟರೆ "ಮದ್ದ್ ಹಾಕೀದಿ, ನೀನ ತಿನ್ನು" ಎಂದು ಸರಿಸುತ್ತಾಳೆ. ಅವಳೆದುರೇ ತಿಂದು ತೋರಿಸಿದೆ. "ಅದನ್ನ ಇಳಸೂ ಔಷಧ ನಿನ್ನ ಹತ್ರನ ಇರ್ತದ" ಎಂದಳು. ಮನೆಯವರು ಕೊಟ್ಟರೂ ಬೇಡ, ಒಲೆಯ ಮುಂದೆ ಕೂತವಳು ನಾನಲ್ಲವೇ? ಕಣ್ಣೆದುರೇ ಒಡೆದ ಬಿಸ್ಕೀಟಿನ ಪ್ಯಾಕೇಟು ಬಿಟ್ಟರೆ ಮತ್ತೇನೂ ಮುಟ್ಟುತ್ತಿರಲಿಲ್ಲ. ಕುಪ್ಪಸ ಹೆಗಲಿನಿಂದ ಜಾರತೊಡಗಿತು. ಹೀಗೇ ಆದರೆ ಮೂಗಿಗೆ ನಳಿಗೆ ಹಾಕಬೇಕಾಗುತ್ತದೆ ಎಂದರು ಡಾಕ್ಟರು.

ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಅವಳಿಗೆ ಫೋಟೋದ ಮುಖ ಬೇಕು ತಾನೇ, ಆ ಮುಖವನ್ನೇ ತಂದರಾಯಿತು ಎಂದುಕೊಂಡೆ. ನಮ್ಮ ಓಣಿಯ ಗೌಹರಬೇಗಂ ಮನೆಯಲ್ಲೇ ಬ್ಯೂಟಿ ಪಾರ್ಲರ್ ಇಟ್ಟಿದ್ದಾಳೆ. ಯಾರದೋ ಹುಬ್ಬು ತೆಗೆಯುತ್ತಿದ್ದವಳು ನನ್ನನ್ನು ನೋಡಿ, "ಈ ವಯಸ್ಸಿನಾಗ ಮುಖ ಯಾರಿಗಿ ತೋರಸಬೇಕಾಗ್ಯದ?" ಎಂದು ಚೇಷ್ಟೆ ಮಾಡಿದಳು. ನಮ್ಮವ್ವಗ ಎಂದೆ. ಅವಳು ಬಾಯಲ್ಲಿದ್ದ ದಾರ ಬಿಟ್ಟಳು.

ಆಮೇಲೆ ಕೂಡಿಸಿಕೊಂಡು ಕಲಿಸಿದಳು. ಮುಖ ತೊಳೆದು, ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲೇ ಉಜ್ಜಿ ಬೆಚ್ಚಗೆ ಮಾಡಿಕೊಂಡು, ಗದ್ದದಿಂದ ಕಿವಿಯ ಕಡೆಗೆ, ಹುಬ್ಬಿನ ನಡುವಿನಿಂದ ಹಣೆಯ ಮೇಲಕ್ಕೆ. ಕಣ್ಣಿನ ಸುತ್ತ ಮಾತ್ರ ಉಂಗುರ ಬೆರಳು. "ಮ್ಯಾಲಕ್ಕ ಒಯ್ಯಿ, ಕೆಳಗ ಎಳೀಬ್ಯಾಡ. ಭಾಂಡಿ ತಿಕ್ಕಿದಂಗ ತಿಕ್ಕಬ್ಯಾಡ. ಚರ್ಮಕ್ಕ ಕಳಾ ಬರ್ತದ, ವಯಸ್ಸ್ ಹಿಂದಕ್ಕ ಹೋಗಂಗಿಲ್ಲ, ಮೊದಲ ಹೇಳೀನಿ ಸರಿತಾ."

ನಾನು ಕೇಳಬೇಕಲ್ಲ. ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಕೂತು ಪಾತ್ರೆ ತಿಕ್ಕಿದ ಹಾಗೆಯೇ ತಿಕ್ಕಿದೆ. ಎಣ್ಣೆ ಸಾಲದೆಂದು ಕಡಲೆಹಿಟ್ಟು, ಅದೂ ಸಾಲದೆಂದು ನಿಂಬೆರಸ. ಕೆನ್ನೆಯ ಚರ್ಮ ಸುಲಿದು ಕೆಂಪಾಯಿತು, ಬಂಗು ಇದ್ದಲ್ಲೇ ಇತ್ತು. ಕೊನೆಗೆ ಒಂದು ದಿನ ಎರಡು ಜಡೆ ಹಾಕಿ, ರಿಬ್ಬನ್ನು ಕಟ್ಟಿಕೊಂಡು ಅವ್ವನ ಮುಂದೆ ಕೂತೆ. ನಮ್ಮ ಮನೆಯವರು ನಗಲಿಲ್ಲ, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಅವ್ವ ಬಹಳ ಹೊತ್ತು ನನ್ನನ್ನೇ ನೋಡಿದಳು. "ಮುದುಕ್ಯಾಗಾಕ ಬಂದಾಳ, ಎರಡ್ ಜಡಿ ಹಾಕ್ಕೊಂಡಾಳ. ತಲಿ ಕೆಟ್ಟದೇನ ಪಾಪ" ಎಂದಳು. ಅಕ್ಕ, ಆವತ್ತು ನನಗೆ ಬದುಕೇ ಸಾಕೆನಿಸಿತ್ತು. ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮರುದಿನ ಮತ್ತೆ ಎಣ್ಣೆ ಹಚ್ಚಿದೆ. ಅದು ಬಿಟ್ಟರೆ ಮಾಡಲು ಬೇರೇನೂ ಉಳಿದಿರಲಿಲ್ಲ.

ಈಗ ಒಳ್ಳೆಯ ಸುದ್ದಿ. ಮೊನ್ನೆಯಿಂದ ಅವ್ವ ಉಣ್ಣುತ್ತಿದ್ದಾಳೆ, ಅದೂ ನನ್ನ ಕೈಯಿಂದಲೇ. ಹಾಲಿನಲ್ಲಿ ರೊಟ್ಟಿ ಕಿವುಚಿ ಕೊಟ್ಟರೆ ಇನ್ನಷ್ಟು ಹಾಕು ಎನ್ನುತ್ತಾಳೆ. ನಳಿಗೆಯ ಮಾತು ಸದ್ಯಕ್ಕೆ ನಿಂತಿದೆ. ನೀನು ಚಿಂತೆ ಮಾಡಿ ಬಿಪಿ ಏರಿಸಿಕೊಳ್ಳಬೇಡ. ಭಾವನವರಿಗೆ ಹುಷಾರಾದ ಮೇಲೆ ಬಸ್ಸು ಹತ್ತಿ ಬಂದು ಹೋಗು. ಮಕ್ಕಳಿಗೆ ಚಿಕ್ಕಮ್ಮನ ಆಶೀರ್ವಾದ, ದೇವರು ಅವರನ್ನು ತಣ್ಣಗಿಡಲಿ.

ನಿನ್ನ ತಂಗಿ,
ಸರಿತಾ

ತಾ.ಕ.: ಹೇಗೆ ಉಂಡಳು ಎಂದು ನೀನು ಕೇಳಿಯೇ ಕೇಳುತ್ತೀ. ಮೊನ್ನೆ ಎಣ್ಣೆ ಹಚ್ಚುತ್ತಿದ್ದಾಗ ಸುಲಿದ ಕೆನ್ನೆ ಉರಿದು ಕಣ್ಣಲ್ಲಿ ನೀರು ಬಂತು. ಅವ್ವ ತಾನಾಗಿ ಎದ್ದು ಬಂದು ನನ್ನ ಕೈ ಹಿಡಿದು ನಿಲ್ಲಿಸಿದಳು. ತಲೆಗೆ ಎರೆಯುವ ದಿನ ನಮ್ಮಿಬ್ಬರಿಗೂ ಎಣ್ಣೆ ಹಚ್ಚುತ್ತಿದ್ದಳಲ್ಲ, ಹಾಗೆಯೇ ಹಚ್ಚತೊಡಗಿದಳು. ಗುರುತು ಸಿಕ್ಕಿತು ಎಂದುಕೊಂಡು ನಾನು ಮುಖ ಎತ್ತಿ ಕೂತೆ. "ಮುಖಾ ಹಿಂಗ ಸುಲಕೊಂಡೀದಿ, ನಿನಗ ಅವ್ವ ಇಲ್ಲೇನ?" ಎಂದು ಕೇಳಿದಳು.

ಇಲ್ಲ ಎಂದೆ.

"ತಾಯಿ ಇಲ್ಲದಾಕಿ ನೀ. ಬಾ, ಕೂಡಿ ಉಣ್ಣೂಣು" ಎಂದು ನನ್ನ ತಟ್ಟೆಗೇ ಕೈ ಹಾಕಿದಳು. ಈಗ ಪ್ರತಿ ಊಟಕ್ಕೂ ಮೊದಲು ಅದನ್ನೇ ಕೇಳುತ್ತಾಳೆ. ಇಲ್ಲ ಎಂದ ಮೇಲೆಯೇ ಬಾಯಿ ತೆರೆಯುತ್ತಾಳೆ. ಅದಕ್ಕೇ ಅಕ್ಕ, ನೀನು ಬಂದಾಗ ಅವಳೆದುರು ನನ್ನನ್ನು ತಂಗಿ ಎಂದು ಕರೆಯಬೇಡ. ಓಣಿಯವಳು ಎನ್ನು. ತಾಯಿ ಸತ್ತವಳು ಎನ್ನು.