ನೋವು ಬೆಟ್ಟ ಹತ್ತಿದ ಬೇಸಿಗೆ

ಮಾರ್ಚ್ 11

ಇವತ್ತೂ ಅತ್ತೆಯೇ ಕಾಲುಚೀಲ ಹಾಕಿದರು. ನಾನು ಗೋಡೆ ಹಿಡಿದು ನಿಂತಿದ್ದೆ. ಎಪ್ಪತ್ತು ದಾಟಿದವರು ನೆಲಕ್ಕೆ ಕೂತು ಸೊಸೆಯ ಕಾಲು ಹಿಡಿಯೋದು... ನಾಚಿಕೆಯಾಯ್ತು.

"ಬೆರಳು ಮಡಚಬೇಡ. ಕುರಿಮರಿ ಹಂಗೆ ಒದೀತೀಯಲ್ಲ," ಅಂದರು.

ಎಡಗಡೆ ಸೊಂಟದಿಂದ ಕಿರುಬೆರಳ ತನಕ ಕಾದ ತಂತಿ ಎಳೆದ ಹಾಗೆ. ಕೆಮ್ಮಿದರೆ ಕಣ್ಣು ಕತ್ತಲೆ. ಕೂರೋಕಾಗಲ್ಲ. ಊಟ ನಿಂತೇ, ಕಿಟಕಿ ಕಟ್ಟೆ ಮೇಲೆ ತಟ್ಟೆ. ಎತ್ತಿದ್ದು ಒಂದು ಹುಲ್ಲಿನ ಹೊರೆ, ಅಷ್ಟೇ. ಮದುವೆಯಾದಾಗಿಂದ ಎತ್ತುತ್ತಿರೋ ಹೊರೆ.

ಮಾರ್ಚ್ 16

ರಾಜಧಾನಿ ಬಿಷ್ಕೆಕ್‌ಗೆ ಹೋಗಿ ಬಂದೆವು, ಸ್ಕ್ಯಾನಿಂಗ್‌ಗೆ. ಹಿಂದಿನ ಸೀಟಲ್ಲಿ ಮಲಗಿಕೊಂಡೇ ಹೋದೆ. ರಸ್ತೆ ಕೆಟ್ಟ ಕಡೆಯೆಲ್ಲ ಇವರು "ಗುಂಡಿ" ಅಂತ ಮೊದಲೇ ಹೇಳೋರು. ಆಮೇಲೆ ಅದರೊಳಗೇ ಇಳಿಸೋರು.

ಡಾಕ್ಟರು ಫೋಟೊ ತೋರಿಸಿದರು. ಮೂಳೆಗಳ ನಡುವಿನ ಡಿಸ್ಕ್ ಹೊರಗೆ ಉಬ್ಬಿ ನರ ಒತ್ತುತ್ತಿದೆಯಂತೆ. ಈಗಲೇ ಆಪರೇಷನ್ ಬೇಡ. ಬಹಳ ಜನಕ್ಕೆ ತಾನಾಗೇ ಇಳಿಯುತ್ತೆ, ತಿಂಗಳುಗಟ್ಟಲೆ ಹಿಡಿಯುತ್ತೆ. ಪಾದ ಎತ್ತೋಕಾಗದಿದ್ದರೆ, ಮೂತ್ರ ಕಟ್ಟಿದರೆ ಮಾತ್ರ ಕೂಡಲೇ ಬರಬೇಕು.

"ಹಾಸಿಗೆ ಹಿಡಿಯಬೇಡಿ, ನಡೀರಿ," ಅಂದರು.

"ಕುದುರೆ ಹಾಲು ಕರೆಯೋದು?" ಅಂತ ಕೇಳಿದೆ.

"ಈ ಬೇಸಿಗೆ ಬೇರೆ ಯಾರಾದ್ರೂ ಕರೀಲಿ."

ಇವರು ನನ್ನ ಮುಖ ನೋಡಿದರು, ನಾನು ಇವರ ಮುಖ ನೋಡಿದೆ. ನಮ್ಮಲ್ಲಿ ಬೇರೆ ಯಾರು? ಅತ್ತೆಗೆ ವಯಸ್ಸಾಗಿದೆ. ಮಗಳು ಗಂಡನ ಮನೆಯಲ್ಲಿ. ಗಂಡಸರು ಕುದುರೆ ಹತ್ತುತ್ತಾರೆ, ಕೆಚ್ಚಲಿಗೆ ಕೈ ಹಾಕಲ್ಲ.

ಮಾರ್ಚ್ 24

ಮೊನ್ನೆ ಅತ್ತೆ ಕುರಿ ಕಡಿಸಿ ಹಸಿ ಚರ್ಮ ನನ್ನ ಸೊಂಟಕ್ಕೆ ಸುತ್ತಿದರು. ನಾತ. ಆದರೆ ಬೆಚ್ಚಗಿತ್ತು, ನಿದ್ದೆ ಬಂತು. ಬೇಡ ಅನ್ನಲಿಲ್ಲ.

ಇವತ್ತು ಪಕ್ಕದ ಹಳ್ಳಿಯಿಂದ ಎಲುಬು ಕೂರಿಸೋ ಮುದುಕನನ್ನ ಕರೆಸಿದ್ದರು. ಮೊಣಕಾಲು ಬೆನ್ನ ಮೇಲಿಟ್ಟು ಒಂದೇ ಏಟಿಗೆ ಎಳೀತಾನಂತೆ. ಆತ ಅಂಗಿ ತೋಳು ಮಡಚುತ್ತಿದ್ದ.

"ಅಪಾ, ಬೇಡ," ಅಂದೆ ಅತ್ತೆಗೆ.

"ಏನು?"

"ನನ್ನ ಬೆನ್ನು ಮುಟ್ಟೋದು ಬೇಡ. ಚಹಾ ಕುಡಿದು ಹೋಗಲಿ."

ಈ ಮನೆಗೆ ಬಂದ ಮೇಲೆ ಅವರಿಗೆ ಬೇಡ ಅಂದದ್ದು ಇದೇ ಮೊದಲು. ಮುದುಕ ಚಹಾ ಕುಡಿದ, ಬ್ರೆಡ್ಡೂ ತಿಂದ, ಹೋದ. ಅತ್ತೆ ಮಾತು ಬಿಟ್ಟರು.

ಮಾರ್ಚ್ 27

ಇನ್ನೂ ಮಾತಿಲ್ಲ. ಕಾಲುಚೀಲ ಮಾತ್ರ ಹಾಕುತ್ತಾರೆ.

ಏಪ್ರಿಲ್ 8

ಜಿಲ್ಲಾ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡೋ ಹುಡುಗಿ, ನಾಝಿರಾ. ನನ್ನ ಮಗಳಿಗಿಂತ ಚಿಕ್ಕವಳು. ಬೋರಲು ಮಲಗಿಸಿ ಮೊಣಕೈ ಮೇಲೆ ಎದೆ ಎತ್ತಿಸಿದಳು.

"ನೋವು ಎಲ್ಲಿದೆ ಅಂತ ನೋಡ್ತಾ ಇರಿ ಅಕ್ಕ. ಪಾದದಿಂದ ಮೇಲೆ ಸರಿದರೆ ಒಳ್ಳೇದು. ಸೊಂಟದಲ್ಲಿ ಜಾಸ್ತಿಯಾದರೂ ಹೆದರಬೇಡಿ. ಕೆಳಗಿಳಿದರೆ ನಿಲ್ಲಿಸಿ."

ದಿನಾ ಕಾಲುವೆ ದಂಡೆಯಲ್ಲಿ ನಡೀತೀನಿ. ನೆರೆಯ ಬುರುಲ್ ಬೇಲಿ ಮೇಲಿಂದ ಕೇಳಿದಳು: "ಏನು ಕಳೆದುಹೋಯ್ತು ಝೂರಾ, ದಿನಾ ಹುಡುಕ್ತೀಯ?"

ಏಪ್ರಿಲ್ 19

ಕಿರುಬೆರಳಲ್ಲಿ ನೋವಿಲ್ಲ! ಮರಗಟ್ಟಿದೆ, ಆದರೆ ಉರಿಯಿಲ್ಲ. ಮೀನಖಂಡದ ತನಕ ಮಾತ್ರ. ಇವರಿಗೆ ಹೇಳಿದೆ.

"ಹಂಗಾದ್ರೆ ನೋವೂ ಬೆಟ್ಟ ಹತ್ತೋಕೆ ಹೊರಟಿದೆ. ಬೇಸಿಗೆಗೆ ಹಿಂಡು ಹೊಡ್ಕೊಂಡು ಹೋಗೋ ನಮಗಿಂತ ಮುಂಚೆ."

ನಕ್ಕೆ. ನಕ್ಕರೂ ನೋವು.

ಏಪ್ರಿಲ್ 30

ಈ ವರ್ಷ ಬೆಟ್ಟದ ಹುಲ್ಲುಗಾವಲಿಗೆ ಹೋಗೋದೇ ಬೇಡ ಅಂದರು ಇವರು. ಮರಿ ಹಾಕಿದ ಕುದುರೆಗಳನ್ನ ತಮ್ಮನ ಹಿಂಡಿಗೆ ಸೇರಿಸೋಣ ಅಂತ. ಹೂಂ ಅಂದೆ. ಆಮೇಲೆ ಕೊಟ್ಟಿಗೆ ಹಿಂದೆ ಹೋಗಿ ಅತ್ತುಬಿಟ್ಟೆ. ಒಂದು ಸಲ ಕೊಟ್ಟುಬಿಟ್ಟರೆ ಮುಂದಿನ ವರ್ಷ ಇಲ್ಲೊಂದು ಅಂಗಡಿ ಇಡೋಣ ಅಂತಾರೆ, ಅದರ ಮುಂದಿನ ವರ್ಷ ಪಟ್ಟಣಕ್ಕೆ ಹೋಗೋಣ ಅಂತಾರೆ. ಎಲ್ಲ ಒಂದು ಡಿಸ್ಕ್‌ಗೋಸ್ಕರ.

ಮೇ 6

ಕಾಲುವೆಯಿಂದ ಬರುವಾಗ ನೋಡಿದೆ. ಇವರು ಕೊಟ್ಟಿಗೆ ಹಿಂದೆ ಒಂದು ಮಂಡಿಯೂರಿ ಕೂತಿದ್ದಾರೆ, ತೊಡೆ ಮೇಲೆ ಬಕೆಟ್, ಬೂದು ಕುದುರೆಯ ಕಾಲಿನ ಸುತ್ತ ಕೈ. ಕುದುರೆ ಬಕೆಟ್ ಒದೆಯಿತು. ಇವರು ಎದ್ದು ಅದರ ಕಿವಿಯಲ್ಲಿ ಏನೋ ಹೇಳಿ ಮತ್ತೆ ಕೂತರು.

ಬುರುಲ್ ಬೇಲಿ ಹತ್ತಿರ ಬಂದೇ ಬಂದಳು. "ಸಗಿನ್, ತಲೆಗೆ ಕಟ್ಟೋಕೆ ನನ್ನದೊಂದು ವಸ್ತ್ರ ಕೊಡ್ಲಾ?"

"ಕೊಡು. ಬಿಸಿಲು ಜೋರಾಗಿದೆ," ಅಂದರು ಇವರು, ತಿರುಗಿ ನೋಡದೆ.

ನಾನು ಮರೆಯಲ್ಲೇ ನಿಂತೆ. ಮರಿಗೆ ಮೊದಲು ಬಾಯಿ ಹಾಕಿಸದೆ ಕೂತರೆ ಹಾಲು ಹೇಗೆ ಇಳಿಯುತ್ತೆ? ಹೋಗಿ ಹೇಳಬೇಕು ಅನ್ನಿಸಿತು. ಹೇಳಿದರೆ ನೋಡಿದ್ದು ಗೊತ್ತಾಗುತ್ತೆ.

ಊಟದ ಹೊತ್ತಿಗೆ, ಯಾರಿಗೂ ಅಲ್ಲ ಅನ್ನೋ ಹಾಗೆ ಹೇಳಿದೆ: "ಮರಿ ಮೊದಲು ಚೀಪಬೇಕು."

ಇವರು ನೂಡಲ್ಸ್ ಬಟ್ಟಲಿಂದ ತಲೆ ಎತ್ತಲಿಲ್ಲ. ಕಿವಿ ಕೆಂಪಾಯ್ತು.

ಮೇ 20

ಕೆಟ್ಟದಾಯ್ತು. ನನ್ನದೇ ತಪ್ಪು. ಸರಿಹೋಗಿದೆ ಅಂತ ನೀರಿನ ಕಡಾಯಿ ಎತ್ತಿದೆ. ನೋವು ಮತ್ತೆ ಪಾದಕ್ಕಿಳಿದಿದೆ. ಬರೆಯಲಾರೆ.

ಮೇ 29

ನಾಝಿರಾ ಫೋನಲ್ಲಿ: "ಪಾದ ಎತ್ತೋಕೆ ಆಗ್ತಿದೆ ತಾನೆ? ಹಾಗಾದರೆ ಮತ್ತೆ ಮೊದಲಿಂದ ಶುರು ಅಂತಲ್ಲ ಅಕ್ಕ. ನರ ಸಿಟ್ಟು ಮಾಡ್ಕೊಂಡಿದೆ ಅಷ್ಟೇ. ನಾಳೆಯಿಂದ ನಿಧಾನವಾಗಿ ಮತ್ತೆ."

ಬೋರಲು ಮಲಗಿದ್ದೆ, ಅಳುತ್ತಿದ್ದೆ. ಅತ್ತೆ ಬಂದು ಪಕ್ಕದಲ್ಲಿ ಕೂತರು.

"ನನಗೂ ಬಂದಿತ್ತು ಇದು," ಅಂದರು. "ಸಗಿನ್ ಹುಟ್ಟಿದ ವರ್ಷ. ಇದೇ ಕಾಲು."

"ಏನು ಮಾಡಿದ್ರಿ ಅಪಾ?"

"ಏನು ಮಾಡೋದು? ಕರೆದೆ. ಬೇಸಿಗೆ ಪೂರ್ತಿ. ಕುದುರೆ ಹೊಟ್ಟೆಗೆ ಹಣೆ ಒತ್ತಿಕೊಂಡು ಹಲ್ಲು ಕಚ್ಚಿ ಅಳೋದು, ಕರೆಯೋದು. ಕೇಳೋರು ಯಾರಿದ್ರು? ಕೊನೆಗೆ ಆ ಮುದುಕನ ಅಪ್ಪ ಬಂದು ಎಳೆದ."

"ವಾಸಿಯಾಯ್ತಾ?"

"ಇಲ್ಲ. ಇನ್ನೂ ಹೆಚ್ಚಾಯ್ತು."

"ಮತ್ತೆ ನನಗ್ಯಾಕೆ ಕರೆಸಿದ್ರಿ?"

ಮಂಡಿ ಸವರಿಕೊಂಡರು. "ಬೇರೆ ಏನು ಗೊತ್ತಿತ್ತು ನಂಗೆ? ನೀನು ಬೇಡ ಅಂದಾಗ ಸಿಟ್ಟು ಬಂತು. ನಾನ್ಯಾಕೆ ಅನ್ನಲಿಲ್ಲ ಅಂತ."

ಹೊರಗೆ ಇವರು ಬಕೆಟ್ ತೊಳೀತಿದ್ದ ಸದ್ದು. ಅತ್ತೆ ಕಿವಿಗೊಟ್ಟು ಕೇಳಿದರು. "ನನ್ನ ಮಗ. ಇವನಪ್ಪ ನೋಡಿದ್ದರೆ ಮೂರ್ಛೆ ಹೋಗ್ತಿದ್ದ," ಅಂದರು. ಮುಖದಲ್ಲಿ ನಗು ಇತ್ತು.

ಜೂನ್ 14

ಬೆಟ್ಟಕ್ಕೆ ಹೋಗೋದು ಅಂತಾಯ್ತು. ಇವರೇ ಹೇಳಿದ್ದು: "ಕರೆಯೋನು ನಾನು, ಹೊರೋನು ನಾನು. ನೀನು ಬಾ, ಬೈಯೋಕೆ ಒಬ್ಬರು ಬೇಕಲ್ಲ."

ಜುಲೈ 9, ಬೆಟ್ಟದ ಮೇಲೆ

ಇಷ್ಟು ದಿನ ಬರೆಯಲಿಲ್ಲ. ಲಾರಿಯಲ್ಲಿ ಕಂಬಳಿಗಳ ಮೇಲೆ ಮಲಗಿ ಬಂದೆ. ಅಲ್ಲಲ್ಲಿ ಇಳಿಸಿ ನಡೆಸಿದರು. ನೋವು ಈಗ ಸೊಂಟದಲ್ಲೇ ಗೂಡು ಕಟ್ಟಿದೆ, ಕಾಲಿಗಿಳಿದಿಲ್ಲ. ಕೂತು ಚಹಾ ಕುಡಿಯಬಲ್ಲೆ. ಕೂರೋದು ಇಷ್ಟು ಚೆಂದ ಅಂತ ಗೊತ್ತಿರಲಿಲ್ಲ.

ಇವರ ಬಕೆಟಿನಲ್ಲಿ ನೊರೆ ಏಳುತ್ತೆ ಈಗ. ನನಗೆ ಹೊಟ್ಟೆಕಿಚ್ಚು, ಸುಳ್ಳೇಕೆ. ಕುದುರೆ ಹಾಲು ಹುಳಿ ಹಾಕೋ ಚರ್ಮದ ಚೀಲ ಮಾತ್ರ ನನ್ನದು. ನಿಂತುಕೊಂಡು ಕಡೀತೀನಿ.

ಕೆಳಗಿನ ಗುಡಾರದ ಗಂಡಸರು ಮೊದಲು ನಕ್ಕರು. ನಿನ್ನೆ ಒಬ್ಬ ಬಂದು ಮೆಲ್ಲಗೆ ಕೇಳಿದ, ಕೈ ಹೇಗೆ ಹಿಡಿಯೋದು ಅಂತ. ಅವನ ಹೆಂಡತಿ ಬಸುರಿ.

ಜುಲೈ 27, ಬೆಳಗ್ಗೆ

ನಾಝಿರಾ ಒಪ್ಪಿದ್ದಾಳೆ. ದಿನಕ್ಕೊಂದು ಕುದುರೆ, ಬೆನ್ನು ಬಗ್ಗಿಸದೆ, ಮಂಡಿಯ ಕೆಳಗೆ ಕಂಬಳಿ.

ಕರೆದೆ. ಶಾಂತವಾದ ಕೆಂದು ಕುದುರೆ. ಕೈ ಮರೆತಿರಲಿಲ್ಲ. ಏಳುವಾಗ ಇವರು ಕೈ ಚಾಚಿದರು. ಹಿಡಿಯಲಿಲ್ಲ. ನಾನೇ ಎದ್ದೆ — ನಿಧಾನವಾಗಿ, ಆದರೆ ನಾನೇ. ಬಕೆಟ್ ಇವರೇ ತಗೊಂಡರು. ಒಳಗೆ ನೋಡಿ, "ಇಷ್ಟೇನಾ? ನಂಗೆ ಇದಕ್ಕಿಂತ ಜಾಸ್ತಿ ಕೊಡ್ತಾಳೆ," ಅಂದರು.

ಅತ್ತೆ ಗುಡಾರದ ಬಾಗಿಲಲ್ಲಿ ಕೂತು ನೋಡ್ತಿದ್ದರು. ಮೊದಲ ಬಟ್ಟಲು ಅವರಿಗೇ ಕೊಟ್ಟೆ. ಕುಡಿದು, ತುಟಿ ಒರೆಸಿ, ಇವರನ್ನ ಕರೆದು ಹೇಳಿದರು: ನಾಳೆಯಿಂದ ಕೆಂದು ಕುದುರೆ ಝೂರಾದು, ಉಳಿದವೆಲ್ಲ ನಿನ್ನವು, ಬೇಸಿಗೆ ಮುಗಿದ ಮೇಲೂ ಹಾಗೇ, ಮುಂದಿನ ವರ್ಷವೂ —

ಇವರು ನಗುತ್ತಾ ಏನಂದರು ಅಂತ ಬರೆಯೋಣ ಅಂದರೆ, ಹೊರಗೆ ಮರಿಗಳು ಕೂಗ್ತಿವೆ, ಮುಂದಿನ ಕರೆಯೋ ಸರದಿ ಬಂದೇಬಿಟ್ಟಿತು, ಕಂಬಳಿ ಎಲ್ಲಿಟ್ಟೆ...