ಜಡ್ಜ್ ಸಾಹೇಬರ ಮೂರು ಪಾಠ

ಧಾರವಾಡ
೧೪ ಆಗಸ್ಟ್ ೨೦೨೫

ಮುದ್ದಿನ ಋತುಜಾ,

ಅವ್ವನ ಆಶೀರ್ವಾದ. ಊಟ ತಪ್ಪಿಸುತ್ತಿಲ್ಲ ತಾನೆ?

ಮೊನ್ನೆ ಫೋನಿನಲ್ಲಿ ನೀನು ಅಳುತ್ತ ಹೇಳಿದ್ದನ್ನೆಲ್ಲ ಕೇಳಿಸಿಕೊಂಡೆ. ಲಿಂಕ್ಡ್‌ಇನ್‌ನಲ್ಲಿ ಅಪ್ಪನ ಹೆಸರಿಟ್ಟುಕೊಂಡು ಆ ತಮಾಷೆಯ ಪೋಸ್ಟುಗಳನ್ನು ಹಾಕುತ್ತಿದ್ದವಳು ನಾನೇ ಎಂದು ಒಪ್ಪಿಕೊಂಡೆ. ಆಮೇಲೆ, "ಅಪ್ಪಗ ಗೊತ್ತಿತ್ತೇನವ್ವಾ?" ಎಂದು ಕೇಳಿದೆ. ನಾನು ಫೋನು ಇಟ್ಟುಬಿಟ್ಟೆ. ಸಿಟ್ಟಿನಿಂದಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಪ್ಪ ತೀರಿಕೊಂಡು ಇನ್ನೂ ಎರಡು ತಿಂಗಳೂ ಆಗಿಲ್ಲ.

ಗೊತ್ತಿತ್ತು, ಋತು. ಮೊದಲಿನಿಂದಲೂ ಗೊತ್ತಿತ್ತು.

ಬ್ಯಾಂಕಿನಲ್ಲಿರುವ ಪಕ್ಕದ ಮನೆಯ ಹುಮಾ ಒಂದು ದಿನ ನಗುತ್ತಲೇ ಒಳಗೆ ಬಂದಳು. "ಕಾಕಾ, ನಿಮ್ಮನ್ನ ಹೆಂಗ ಕಾಡ್ಯಾರ ನೋಡ್ರಿ" ಎಂದು ಮೊಬೈಲು ಹಿಡಿದಳು. ಯಾವುದೋ ಸಿನಿಮಾದಲ್ಲಿ ಅಪ್ಪ ಜಡ್ಜ್ ಆಗಿ ಕೂತ ಹಳೆಯ ಫೋಟೋ. ಅದರ ಕೆಳಗೆ ನೀನು ಬರೆದಿದ್ದೆ: "ಇಂದು ಇನ್ನೊಬ್ಬ ಹೀರೋನನ್ನು ನಿರಪರಾಧಿ ಎಂದು ಬಿಡುಗಡೆ ಮಾಡಿದೆ. ಇದರಿಂದ ನಾಯಕತ್ವದ ಬಗ್ಗೆ ಕಲಿತ ಮೂರು ಪಾಠಗಳು. ಕೊನೆಯ ಸಾಕ್ಷಿ ಬಾಗಿಲು ಒದ್ದುಕೊಂಡೇ ಬರುತ್ತಾನೆ, ತಾಳ್ಮೆ ಇರಲಿ. ತೀರ್ಪು ಮೊದಲೇ ಗೊತ್ತಿದ್ದರೂ ಕನ್ನಡಕ ತೆಗೆದು ಒರೆಸಿ. ಕೋಟಿನ ಮೇಲೆ ಮೊಸರನ್ನ ಚೆಲ್ಲಿದ್ದರೆ ಕೇಸಿನ ಫೈಲು ಅಡ್ಡ ಹಿಡಿಯಿರಿ."

ಅಪ್ಪ ಕೆಮ್ಮು ಬರುವ ತನಕ ನಕ್ಕರು. ಹುಮಾ ಹೋದ ಮೇಲೆ ನನ್ನ ಕಡೆ ತಿರುಗಿ, "ಏ, ಇದು ನಮ್ಮ ಋತೂನ ಬರದದ್ದು" ಎಂದರು. ಶೂಟಿಂಗಿನಲ್ಲಿ ಕೋಟಿಗೆ ಮೊಸರನ್ನ ಚೆಲ್ಲಿಕೊಂಡ ಕಥೆಯನ್ನು ಅವರು ಮನೆಯಲ್ಲಲ್ಲದೆ ಬೇರೆಲ್ಲೂ ಹೇಳಿರಲಿಲ್ಲ. ಅಪ್ಪನನ್ನು ಹೀಗೆ ನಗೆಪಾಟಲು ಮಾಡುವುದೇ ಎಂದು ನಾನು ಸಿಡಿದೆ. "ಕೆಲಸ ಹೋಗಿ ಪುಣೇದಾಗ ಒಬ್ಬಾಕಿನ ಕೂತಾಳ. ನಗಲಿಕತ್ತಾಳಲ್ಲ, ನಗಲಿ ಬಿಡು. ಟೈಮಿಂಗ್ ನೋಡು, ನನಗಿಂತ ಛಲೋ ಅದ. ನಮಗ ಗೊತ್ತದ ಅಂದ್ರ ಆಕಿ ಬರಿಯೋದು ಬಿಡ್ತಾಳ" ಎಂದು ನನ್ನ ಬಾಯಿಗೆ ಬೀಗ ಹಾಕಿದರು. ಅಂದಿನಿಂದ ದಿನಾ ಚಹಾದ ಹೊತ್ತಿಗೆ ನಿನ್ನ ಪೋಸ್ಟು ಓದುವುದೇ ಅವರ ಕೆಲಸವಾಯಿತು. ಓದುವಾಗ ಜಡ್ಜಿನ ದನಿ ತೆಗೆಯುತ್ತಿದ್ದರು.

ಬೇರೆ ಕೆಲಸವಾದರೂ ಎಲ್ಲಿತ್ತು? ಧಾರಾವಾಹಿ ನಿಂತ ಮೇಲೆ ಬೆಂಗಳೂರಿನಿಂದ ಯಾರೂ ಕರೆಯಲಿಲ್ಲ. ನಿನ್ನ ಮುಂದೆ ಮಾತ್ರ "ಎರಡು ಪಿಕ್ಚರಿನ ಮಾತು ನಡದದ" ಎನ್ನುತ್ತಿದ್ದರು. ಯಾವ ಮಾತೂ ನಡೆದಿರಲಿಲ್ಲ. ಮುಂಜಾನೆ ಎದ್ದು ದಾಡಿ ಮಾಡಿಕೊಂಡು, ಇಸ್ತ್ರಿಯ ಅಂಗಿ ಹಾಕಿಕೊಂಡು ಪಡಸಾಲೆಯಲ್ಲಿ ಕೂಡುತ್ತಿದ್ದರು.

ಹೋದ ಚಳಿಗಾಲದಲ್ಲಿ ಹುಮಾಳನ್ನು ಕೂಡಿಸಿಕೊಂಡು ಅದೇ ಲಿಂಕ್ಡ್‌ಇನ್‌ನಲ್ಲಿ ತಮ್ಮದೇ ಒಂದು ಖಾತೆ ತೆರೆದರು. ಮಗಳಿಂದ ಇಷ್ಟು ಜನ ತನ್ನನ್ನು ನೆನೆಸುತ್ತಿದ್ದಾರೆ, ಅವರಲ್ಲಿ ಒಬ್ಬರಾದರೂ ಕೆಲಸ ಕೊಟ್ಟಾರು ಎಂಬ ಆಸೆ. ಬರೆದದ್ದು ನಾಲ್ಕೇ ಸಾಲು. ನಾನು ನಟ ರಮಾಕಾಂತ, ಕೆಲಸ ಹುಡುಕುತ್ತಿದ್ದೇನೆ, ಸಣ್ಣ ಪಾತ್ರವಾದರೂ ಸರಿ, ಹುಡುಗರಿಗೆ ವೇದಿಕೆಯ ಮೇಲೆ ಮಾತಾಡುವುದನ್ನು ಕಲಿಸಬಲ್ಲೆ.

ಇದೂ ತಮಾಷೆಯೇ ಎಂದುಕೊಂಡು ಸಾವಿರಾರು ಜನ ನಕ್ಕರು, ಋತು. "ಸ್ವಾಮೀ, ಮೂರು ಪಾಠ ಎಲ್ಲಿ?" ಎಂದು ಕೇಳಿದರು. ಯಾರೋ ನನ್ನನ್ನು ನಕಲು ಮಾಡುತ್ತಿದ್ದಾರೆ ಎಂದುಕೊಂಡಿದ್ದೆ ಎಂದು ನೀನು ಮೊನ್ನೆ ಹೇಳಿದೆ. ನಂಬುತ್ತೇನೆ. ಆದರೆ ಅವತ್ತು ನೀನು ಬರೆದದ್ದು ನನಗೆ ಇವತ್ತಿಗೂ ಬಾಯಿಪಾಠ: "ಈ ರಮಾಕಾಂತ ನಕಲಿ. ಅರ್ಜಿಯನ್ನು ಈ ನ್ಯಾಯಾಲಯ ವಜಾ ಮಾಡಿದೆ."

ಅಪ್ಪ ಅದನ್ನೂ ಓದಿದರು. ದನಿ ತೆಗೆಯದೆ ಓದಿದರು. "ಛಲೋ ಬರದಾಳ" ಎಂದು ಎದ್ದು ಹೋಗಿ ತಮ್ಮ ಚಹಾದ ಲೋಟ ತಾವೇ ತೊಳೆದಿಟ್ಟರು. ಈಗಲೇ ನಿನಗೆ ಫೋನು ಮಾಡುತ್ತೇನೆ ಎಂದು ನಾನು ಎದ್ದರೆ ಕೈ ಹಿಡಿದರು. "ಬ್ಯಾಡ ಸುಹಾಸಿನಿ. ಗೊತ್ತಾದ್ರ ಆಕಿ ಜೀವನಪೂರ್ತಿ ಇದನ್ನ ಹೊತ್ಕೊಂಡು ತಿರುಗ್ತಾಳ."

ಅದಾದ ಮೇಲೆ ಒಂದೇ ಒಂದು ಕರೆ ಬಂತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಆಫೀಸು ಇರುವ ಯಾವುದೋ ಜಾಹೀರಾತು ಕಂಪನಿ. ಕೋಟು ತೊಟ್ಟು ಹೋದರು. ಅಲ್ಲಿಯ ಹುಡುಗರು ಸುತ್ತುಗಟ್ಟಿ "ಆರ್ಡರ್ ಆರ್ಡರ್ ಅನ್ರಿ ಸರ್" ಎಂದು ವಿಡಿಯೋ ತೆಗೆದುಕೊಂಡರಂತೆ. ಅಂದರಂತೆ, ಇವರೂ. ಸಂಜೆ ಮನೆಗೆ ಬಂದು ಕಾಲು ತೊಳೆದುಕೊಂಡು, "ಅವರಿಗೆ ಬೇಕಾದವರು ಬ್ಯಾರೇನ ಇದ್ರು" ಎಂದಷ್ಟೇ ಹೇಳಿದರು. ಮರುದಿನ ಮುಂಜಾನೆ ದಾಡಿ ಮಾಡಿಕೊಳ್ಳಲಿಲ್ಲ. ಮತ್ತೆ ಆ ಮಾತು ನಮ್ಮ ಮನೆಯಲ್ಲಿ ಬರಲೇ ಇಲ್ಲ. ಜೂನಿನಲ್ಲಿ, ಮಧ್ಯಾಹ್ನ ಮಲಗಿದವರು ಏಳಲಿಲ್ಲ. ಡಾಕ್ಟರು ಹೃದಯ ಎಂದರು. ನಿನ್ನಿಂದ ಎಂದು ನಾನು ಬರೆಯುವುದಿಲ್ಲ, ಹಾಗೆ ತಿಳಿಯಲೂ ಬೇಡ.

ಅವರ ಮಾತು ಮೀರಿ ಇದನ್ನೆಲ್ಲ ಬರೆದೆ, ನೀನು ಕೇಳಿದೆ ಎಂದು. ಅವರು ನಿನ್ನನ್ನು ಎಂದೂ ತಪ್ಪಿತಸ್ಥೆ ಎನ್ನಲಿಲ್ಲ. ನನ್ನ ಮನಸ್ಸು ಇನ್ನೂ ಅಲ್ಲಿಗೆ ಮುಟ್ಟಿಲ್ಲ, ಋತು. ಮುಟ್ಟುತ್ತದೆ. ಅಷ್ಟರಲ್ಲಿ ನೀನು ಬರುವುದನ್ನು ಮಾತ್ರ ಬಿಡಬೇಡ. ಇಲ್ಲಿ ನಾನೂ ಒಬ್ಬಳೇ ಚಹಾ ಮಾಡಿಕೊಳ್ಳುತ್ತೇನೆ.

ನಿನ್ನ
ಅವ್ವ

ತಾ.ಕ.: ಈಗಿನ ಕೆಲಸದವರು ತಾವಾಗಿಯೇ ನಿನ್ನನ್ನು ಹುಡುಕಿಕೊಂಡು ಬಂದರು ಎಂದು ಸಂಕ್ರಾಂತಿಗೆ ಬಂದಾಗ ಕುಣಿದಾಡಿದ್ದೆಯಲ್ಲ, ಅವರೇ ಗೋಕುಲ ರಸ್ತೆಯವರು, ನಿನ್ನ ಪುಣೆಯ ಆಫೀಸೂ ಅವರದೇ. ಅಪ್ಪ ಇದನ್ನು ಹುಮಾಳಿಗೆ ಮಾತ್ರ ಹೇಳಿದ್ದರು, ಅವರು ಹೋದ ಮೇಲೆ ಆಕೆಯಿಂದ ನನಗೆ ಗೊತ್ತಾಯಿತು. ಅವತ್ತು ಅಪ್ಪನಿಗೆ, "ನೀವು ಬ್ಯಾಡ್ರಿ ಸರ್, ನಿಮ್ಮ ಹೆಸರಿನ್ಯಾಗ ಬರಿಯೋರು ಯಾರು, ಅವರು ಬೇಕು ನಮಗ" ಎಂದರಂತೆ. ನಿನ್ನ ಹೆಸರು, ನಂಬರು ಹೇಳಿ, ತಾನು ಹೇಳಿದ್ದು ಮಗಳಿಗೆ ತಿಳಿಯಬಾರದು ಎಂದು ಮಾತು ತೆಗೆದುಕೊಂಡು ಬಂದವರು ನಿನ್ನ ಅಪ್ಪ. ನೀನು ಪೇಢೆ ಹಂಚಿದ ದಿನ, ಶುಗರ್ ಇದ್ದದ್ದು ಮರೆತವರ ಹಾಗೆ, ಎರಡು ತಿಂದರು.