ಫ್ರಿಜ್ಜಿನ ಮೇಲಿನ ಲಕೋಟೆ

ಪ್ರೀತಿಯ ತಂಗೀ,

ನಿನ್ನ ಮಗಳು, ಅಳಿಯ ಇಬ್ಬರೂ ಕ್ವಾಂಟಮ್ ವಿಜ್ಞಾನ ಓದಿದವರಲ್ಲವೇ, ನಾನು ಬಂದಿರುವ ಅವರ ಮನೆಯಲ್ಲಿ ದಿನಾ ಅದೇ ಜಗಳ. ನೋಡುವ ತನಕ ಯಾವುದೂ ತೀರ್ಮಾನವಾಗಿರುವುದಿಲ್ಲ ಎನ್ನುತ್ತಾಳೆ ಇವಳು. ಆಗಬಹುದಾದದ್ದೆಲ್ಲ ಒಂದೊಂದು ಲೋಕದಲ್ಲಿ ಆಗಿಯೇ ಇರುತ್ತದೆ ಎನ್ನುತ್ತಾನೆ ಅವನು. ಒಲೆಯ ಮೇಲೆ ಹಾಲು ಉಕ್ಕಿದರೂ ಗೋಡೆಯ ಕರಿಹಲಗೆಯ ಮುಂದೆ ನಿಂತ ಇಬ್ಬರ ಕೈಯಿಂದ ಸೀಮೆಸುಣ್ಣ ಬೀಳುವುದಿಲ್ಲ.

ಸೋಮವಾರ ನನ್ನ ರಕ್ತಪರೀಕ್ಷೆಯ ವರದಿ ಬಂತು. ಸಕ್ಕರೆ ಕಾಯಿಲೆ ಇದೆಯೋ ಇಲ್ಲವೋ, ಲಕೋಟೆ ಒಡೆಯಲು ಧೈರ್ಯ ಸಾಲಲಿಲ್ಲ. ನೋಡದಿದ್ದರೆ ತೀರ್ಮಾನವೇ ಇಲ್ಲವಲ್ಲ ಎಂದು ಅದನ್ನು ಫ್ರಿಜ್ಜಿನ ಮೇಲಿಟ್ಟು, ಮೂರು ದಿನ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕಿಕೊಂಡೆ.

"ಮಾವ, ಯಾವುದೋ ಒಂದು ಲೋಕದಲ್ಲಿ ನಿಮಗೆ ಕಾಯಿಲೆ ಇದ್ದೇ ಇರುತ್ತೆ" ಎಂದ ಅಳಿಯ.

"ಆ ಲೋಕದವನು ಮಾತ್ರೆ ನುಂಗ್ಲಿ ಬಿಡಪ್ಪ, ನನಗ್ಯಾಕೆ" ಎಂದೆ.

ಇವತ್ತು ಬೆಳಿಗ್ಗೆ ಲಕೋಟೆಯ ಬಾಯಿ ತೆರೆದಿತ್ತು. ನಿನ್ನ ಮಗಳು ಕಾಫಿ ತಂದಿಟ್ಟಳು. ಒಂದು ಗುಟುಕು ಕುಡಿದೆ, ತೀರ್ಮಾನವಾಗಿತ್ತು.

ಮಧ್ಯಾಹ್ನ ಡಾಕ್ಟರ ಹತ್ತಿರ ಹೋಗಿ ಬಂದೆ, ಮಾತ್ರೆ ಶುರುವಾಗಿದೆ, ನೀನು ಗಾಬರಿಯಾಗಬೇಡ. ಸಕ್ಕರೆ ಹಾಕಿಕೊಂಡು ಕುಡಿಯುವ ಇನ್ನೊಬ್ಬ ಅಣ್ಣ ನಿನಗೆ ಎಲ್ಲೋ ಇದ್ದಾನಂತೆ. ಅವನಿಗೆ ಕಾಗದ ಬರೆದರೆ ನನ್ನ ಹೊಟ್ಟೆಯುರಿಯನ್ನೂ ತಿಳಿಸು.

ಸಪ್ಪೆ ಕಾಫಿಯ ಲೋಕದಿಂದ,
ನಿನ್ನ ಅಣ್ಣ